ಮೇಲೆ ಸಿಹಿ, ಕೆಳಗೆ ಸವಳು

ನನ್ನ ಹೆಂಡತಿ ಸುರೇಖಾ ನಮ್ಮ ಬಾವಿಯಿಂದ ಮೊದಲ ಕೊಡ ನೀರು ಸೇದಿದ ದಿನ, ಅಜ್ಜಿ ರಂಗವ್ವ ಆ ನೀರನ್ನು ಒಂದು ಹನಿಯೂ ಬಿಡದೆ ಕುಡಿದಳು. ಅವಳ ಗಂಟಲು ಮೂರು ಸಲ ಏರಿ ಇಳಿದದ್ದು ನನಗೆ ಕಂಡಿತು. ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಛಲೋ ಐತವ್ವ" ಅಂದಳು.

ಆಮೇಲೆ ಮತ್ತೆ ತುಂಬಿದ ತಂಬಿಗೆ ಪಕ್ಕದ ಮನೆಯ ಬಾಳಮ್ಮನ ಕೈಗೆ ಹೋಯಿತು. ಬಾಳಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡವಳೇ ಕಟ್ಟೆಯ ಬದಿಗೆ ಉಗುಳಿದಳು.

"ಏನ ಇದು ರಂಗಕ್ಕ, ಸವಳ ಆಗೇತಲ್ಲ! ಉಪ್ಪ ಕಲಸಿ ಕೊಟ್ಟಂಗೈತಿ."

ಬಾವಿಯ ಕಲ್ಲಿಗೆ ಸುರೇಖಾ ಆಗಷ್ಟೇ ಹಚ್ಚಿದ ಭಂಡಾರದ ಅರಿಸಿನ ಇನ್ನೂ ಹಸಿಯಾಗಿತ್ತು. ಮದುವೆಯಾಗಿ ಬಂದ ಹೆಣ್ಣು ಮರುದಿನ ಗಂಗವ್ವನ ಪೂಜೆ ಮಾಡಿ, ಕೈಯಾರೆ ನೀರು ಸೇದಿ, ಮನೆಯ ಹಿರಿಯರಿಗೂ ನೆರೆಯವರಿಗೂ ಕುಡಿಸಬೇಕು. ನಮ್ಮ ಓಣಿಯಲ್ಲಿ ಇದು ತಪ್ಪಿದ್ದಿಲ್ಲ. ಕಮತಗಿ ಸುತ್ತಲಿನ ಈ ಭಾಗದಲ್ಲಿ ಕೊರೆದಲ್ಲೆಲ್ಲ ಸವಳು ನೀರೇ ಸಿಗುತ್ತದೆ. ನಮ್ಮ ಬಾವಿಯೊಂದು ಮಾತ್ರ ಸಿಹಿ. ನಳ ಬಂದ ಮೇಲೂ ಓಣಿಯ ಹೆಂಗಸರು ಅನ್ನ, ಬೇಳೆಗೆ ಇದೇ ನೀರನ್ನು ಒಯ್ಯುತ್ತಿದ್ದರು. ಹೊಸ ಸೊಸೆ ಸೇದಿದ ಮೊದಲ ಕೊಡವೇ ಸವಳಾದರೆ ಜನ ಏನನ್ನುತ್ತಾರೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಸುರೇಖಾಳಿಗೂ ಗೊತ್ತಿತ್ತು. ಅವಳು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ತಾನೇ ಕುಡಿದು, ತಲೆಯ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಸಂಜೆಯ ಹೊತ್ತಿಗೆ ಓಣಿಯಲ್ಲಿ ಮಾತು ಹಬ್ಬಿತ್ತು. ಹುಡುಗಿಯ ಕಾಲ್ಗುಣ.

ಮರುದಿನ ಅವಳು ಬೇಳೆ ಇಟ್ಟಳು. ಎರಡು ತಾಸು ಕುದಿಸಿದರೂ ಬೇಳೆ ಬೇಯಲಿಲ್ಲ. ಅಪ್ಪ ಮಲಕಪ್ಪ ಊಟಕ್ಕೆ ಕೂತು, ಹಲ್ಲಿಗೆ ಸಿಕ್ಕ ಕಾಳನ್ನು ಸದ್ದಿಲ್ಲದೆ ಅಗಿದು ನುಂಗಿದ. ಅವನು ಬೈಯುವ ಮನುಷ್ಯನಲ್ಲ, ಆದರೆ ಸಮಾಧಾನದ ಮಾತೂ ಅವನಿಗೆ ಬರುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಹೀಗೇ ಬದುಕಿದವರು. ಅಜ್ಜಿ ಮಾತಾಡುತ್ತಿದ್ದಳು, ನಾವು ಕೇಳುತ್ತಿದ್ದೆವು. ಆ ಮನೆಗೆ ಸುರೇಖಾ ಬಂದಿದ್ದಳು. ಬನಶಂಕರಿ ಕಡೆಯವಳು. ಅವಳು ನಗುವುದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅಕ್ಷತೆಯ ಕಾಳು ನನ್ನ ಕಿವಿಯೊಳಗೆ ಹೋದಾಗ.

ಹೊಸ ನೀರನ್ನು ಮೆಚ್ಚಿದ್ದು ನಮ್ಮ ಕುರಿಗಳು ಮಾತ್ರ. ಹಟ್ಟಿಯಲ್ಲಿ ಒಂದನ್ನೊಂದು ನೂಕಿಕೊಂಡು ಕುಡಿಯುತ್ತಿದ್ದವು.

ಮೂರು ವಾರ ಹೀಗೇ ಹೋಯಿತು. ಬಾವಿಕಟ್ಟೆ ಖಾಲಿಯಾಯಿತು. ಹೆಂಗಸರು ಊರ ಬಾಗಿಲಿನ ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಂತರು. ಸುರೇಖಾ ದಿನಾ ಅಲ್ಲಿಂದ ಎರಡು ಕೊಡ ತಂದು ಅಜ್ಜಿಗೂ ಅಪ್ಪನಿಗೂ ನನಗೂ ಇಡುತ್ತಿದ್ದಳು. ತಾನು ಮಾತ್ರ ಬಾವಿಯ ನೀರನ್ನೇ ಕುಡಿಯುತ್ತಾಳೆಂದು ನನಗೆ ತಿಳಿದದ್ದು ತಡವಾಗಿ, ಅವಳ ತುಟಿ ಒಡೆದದ್ದನ್ನು ನೋಡಿದಾಗ.

"ಯಾಕ ಕುಡೀತಿ ಅದನ್ನ?" ಎಂದು ಕೇಳಿದೆ.

"ನನ್ನಿಂದ ಆಗೇತಿ ಅಂತಾರಲ್ರಿ. ನಾನs ಕುಡದ ಮುಗಸ್ತೇನಿ."

ತಮಾಷೆಗೆ ಹೇಳಿದಳೋ, ನಿಜಕ್ಕೋ. ಮುಂದೆ ಏನು ಕೇಳಬೇಕೆಂದು ತಿಳಿಯದೆ ನಾನು ಶಾಲೆಗೆ ಹೊರಟುಬಿಟ್ಟೆ.

ಆ ಭಾನುವಾರ ಅವಳು ನನ್ನ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ತಳದಲ್ಲಿ ನನ್ನ ಎಂ.ಎಸ್ಸಿ. ಪ್ರಬಂಧವಿತ್ತು. ನಾನು ಕಾರವಾರದಲ್ಲಿ ಸಮುದ್ರ ವಿಜ್ಞಾನ ಓದಿದವನು. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಎರಡು ವರ್ಷ ದೋಣಿಯಲ್ಲಿ ಕೂತು, ಮೀಟರಿಗೊಂದರಂತೆ ಬಾಟಲಿ ಇಳಿಸಿ, ನೀರಿನ ಉಪ್ಪು ಅಳೆದವನು. ಈಗ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಮುದ್ರವೇ ಇಲ್ಲದ ಊರಿಗೆ ಸಮುದ್ರ ಓದಿ ಬಂದವನೆಂದು ಓಣಿಯವರು ನನಗೆ 'ಸಮುದ್ರ' ಎಂದೇ ಹೆಸರಿಟ್ಟಿದ್ದಾರೆ.

ಸುರೇಖಾ ಪ್ರಬಂಧ ತೆರೆದು ಒಂದು ಚಿತ್ರದ ಮೇಲೆ ಬೆರಳಿಟ್ಟಳು.

"ಇದೇನ್ರಿ? ಹೊಳಿ ಒಂದು. ಮ್ಯಾಲಿನ ಬಾಣ ಇತ್ತಾಗೈತಿ, ಕೆಳಗಿನ ಬಾಣ ಅತ್ತಾಗೈತಿ. ಹೊಳಿ ಎರಡೂ ಕಡಿ ಹರಿತೈತೇನು?"

ಅವಳು ತಾನಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಅವಳ ಪಕ್ಕದಲ್ಲಿ ಕೂತೆ.

"ಹರಿತೈತಿ. ಹೊಳಿ ನೀರು ಹಗುರ. ಸಮುದ್ರದ್ದು ಉಪ್ಪಿನ ನೀರು, ವಜ್ಜ. ಹಗುರಾದ್ದು ಮ್ಯಾಲ ಸಮುದ್ರಕ್ಕ ಹೋಗ್ತೈತಿ. ವಜ್ಜಾದ್ದು ಅದರ ಹೊಟ್ಟಿ ಕೆಳಗ ನುಸುಳಿ ಒಳಗ ಬರ್ತೈತಿ. ಮೈಲಿಗಟ್ಲೆ. ದೋಣ್ಯಾಗ ಕುಂತಾವ್ರಿಗೆ ಗೊತ್ತs ಆಗಂಗಿಲ್ಲ."

"ಯಾರು ದೂಡ್ತಾರ ಅದನ್ನ?"

ನಾನು ಬೆರಳು ಮಡಿಸಿ ಹೇಳಿದೆ. ಹಿಂದಿನಿಂದ ಬರುವ ಹೊಳೆ ದೂಡುತ್ತದೆ. ಮುಂದಿನಿಂದ ಭರತ ದೂಡುತ್ತದೆ, ಸಮುದ್ರ ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಗಾಳಿ ಮೇಲಿನ ನೀರನ್ನು ಎಳೆದುಕೊಂಡು ಹೋಗುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ನೀರಿನ ತೂಕವೇ. ಸಣ್ಣ ವ್ಯತ್ಯಾಸ ಅದು, ಒಂದು ಕೊಡಕ್ಕೆ ಒಂದೆರಡು ಹಿಡಿ ಉಪ್ಪಿನಷ್ಟು. ಆದರೆ ಅಷ್ಟಕ್ಕೇ ಇಡೀ ಅಳಿವೆ ನಿಧಾನವಾಗಿ ತಿರುಗುತ್ತಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತ ಬಂದಾಗ ಎರಡೂ ನೀರು ಕದಡಿ ಒಂದಾಗುತ್ತವೆ. ಅಷ್ಟಮಿಯ ಹೊತ್ತಿಗೆ ಭರತ ಸಣ್ಣದಾಗುತ್ತದೆ, ಆಗ ಮತ್ತೆ ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಇಷ್ಟು ಮಾತನ್ನು ನಾನು ಅವಳೊಂದಿಗೆ ಮೂರು ವಾರದಲ್ಲೂ ಆಡಿರಲಿಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು.

"ಭರತನೂ ಇಲ್ಲ, ಗಾಳಿನೂ ಇಲ್ಲ, ಯಾರೂ ಕದಡಂಗಿಲ್ಲ ಅಂದ್ರ?"

"ಹಂಗs ಇರ್ತಾವು. ಒಂದರ ಮ್ಯಾಲ ಒಂದು. ಐವತ್ತು ವರ್ಷ, ನೂರು ವರ್ಷ..."

ನನ್ನ ಮಾತು ಅಲ್ಲಿಗೇ ನಿಂತಿತು.

"ಆಮ್ಯಾಲ?" ಅಂದಳು.

"ಏನಿಲ್ಲ. ಅಷ್ಟs."

ಮದುವೆಗೆ ನಾಲ್ಕು ದಿನ ಮೊದಲು ನಾವು ಬಾವಿಯನ್ನು ಬರಿದು ಮಾಡಿದ್ದೆವು. ಅದು ನನ್ನ ಯೋಚನೆ. ಹೊಸ ಸೊಸೆ ಪೂಜೆ ಮಾಡುವ ಬಾವಿಯಲ್ಲಿ ಹೂಳು ಇರಬಾರದು ಎಂದು ನಾನೇ ಅಪ್ಪನಿಗೆ ಹೇಳಿದ್ದೆ. ಅಪ್ಪ ಎಲ್ಲಿಂದಲೋ ಡೀಸೆಲ್ ಮೋಟಾರು ತಂದ. ಎರಡು ದಿನ ಎಡೆಬಿಡದೆ ನೀರು ಎತ್ತಿ ಹೊಲಕ್ಕೆ ಬಿಟ್ಟೆವು. ತಳದಿಂದ ಹೂಳು, ಒಡೆದ ಮಡಕೆ, ಅಜ್ಜಿಯ ಕಾಲದ ಒಂದು ಹಿತ್ತಾಳೆ ತಂಬಿಗೆ ಎಲ್ಲ ಮೇಲೆ ಬಂದವು. ಗೋಡೆಗೆ ಸುಣ್ಣ ಬಳಿದೆವು. ಎರಡೇ ದಿನದಲ್ಲಿ ಬಾವಿ ಮತ್ತೆ ತುಂಬಿತು, ಕನ್ನಡಿಯಂಥ ನೀರು. ಪೂಜೆಗೆ ಮುಂಚೆ ಆ ನೀರನ್ನು ಯಾರೂ ಬಾಯಿಗೆ ಹಚ್ಚುವಂತಿರಲಿಲ್ಲ. ಮದುವೆ ಊಟಕ್ಕೆ ಟ್ಯಾಂಕರ್ ಬಂದಿತ್ತು.

ಅಜ್ಜಿ ಆಗಲೇ ಬೇಡವೆಂದಿದ್ದಳು. "ಲೇ ಮಾಳಿಂಗ, ಗಂಗವ್ವ ಮಲಗ್ಯಾಳ. ಎಬ್ಬಿಸಬ್ಯಾಡ್ರಿ. ತಳದ ನೀರು ಆಕಿದು, ಮ್ಯಾಲಿನ ನೀರು ನಮ್ದು."

ನಾನು ನಕ್ಕಿದ್ದೆ. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ನಮ್ಮ ಬಾವಿಯಲ್ಲಿ ಕೊಡವನ್ನು ಮುಳುಗಿಸಬಾರದು, ನೀರಿನ ಮೇಲೆ ಮಲಗಿಸಿ ತುಂಬಬೇಕು. ಹಗ್ಗದಲ್ಲಿ ಒಂದು ಗಂಟು ಇರುತ್ತದೆ, ಗಂಟು ರಾಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬೇಸಿಗೆಯಲ್ಲಿ ನೀರು ಇಳಿದಂತೆ ಅಜ್ಜಿ ಗಂಟನ್ನು ಬಿಚ್ಚಿ ಗೇಣು ಗೇಣು ಹಿಂದೆ ಹಾಕುತ್ತಿದ್ದಳು. ಅದನ್ನು ನಾನು ದೇವರ ಮೇಲಿನ ಭಕ್ತಿಯೆಂದುಕೊಂಡಿದ್ದೆ. ಮಳೆಯ ನೀರು, ಮೇಲಿನ ಕೆರೆಯಿಂದ ಬಸಿದ ನೀರು, ಎಷ್ಟೋ ವರ್ಷಗಳಿಂದ ಸವಳಿನ ಮೇಲೆ ತೆಳುವಾಗಿ ಕೂಡುತ್ತ ಬಂದಿತ್ತು. ಅಜ್ಜಿಯಂಥವರು ಅದನ್ನು ಕೆನೆ ತೆಗೆದಂತೆ ತೆಗೆದು ಕುಡಿದು ಬದುಕಿದರು. ನಾನು ಅದನ್ನು ಎರಡು ದಿನದಲ್ಲಿ ಹೊಲಕ್ಕೆ ಹರಿಸಿದ್ದೆ. ಖಾಲಿಯಾದ ಬಾವಿಗೆ ಆಳದ ಬಂಡೆಯ ಬಿರುಕಿನಿಂದ ಬಂದದ್ದು ಬರೀ ಸವಳು.

ಪ್ರಬಂಧ ನೋಡಿದ ಮರುದಿನ ಬೆಳಗ್ಗೆ ಔಷಧಿಯ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ದಾರ ಕಟ್ಟಿ, ಕಾರವಾರದಲ್ಲಿ ಮಾಡುತ್ತಿದ್ದಂತೆ ಅಡಿಗೊಂದರಂತೆ ನೀರು ತೆಗೆದೆ. ಹನ್ನೆರಡು ಅಡಿ ನೀರು, ಹನ್ನೆರಡು ಬಟ್ಟಲು. ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಸಂಜೆಗೆ ನೀರು ಆರಿ, ಹನ್ನೆರಡು ಬಟ್ಟಲುಗಳ ತಳದಲ್ಲೂ ಒಂದೇ ದಪ್ಪದ ಬಿಳಿ ಉಪ್ಪು ಉಳಿದಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ.

"ಏನ್ರಿ ಇವು?" ಎಂದು ಸುರೇಖಾ ಕೇಳಿದಳು.

"ಸಾಲಿ ಕೆಲಸ."

ಅವಳು ಹನ್ನೆರಡೂ ಬಟ್ಟಲನ್ನು ತೊಳೆದಿಟ್ಟಳು.

ಯಾಕೆ ಹೇಳಲಿಲ್ಲ? ಮದುವೆಯ ಚಪ್ಪರದಲ್ಲಿ ಅಪ್ಪ ಬೀಗರಿಗೆಲ್ಲ ಬಾವಿ ತೋರಿಸಿ, "ನನ್ನ ಮಗ ಮಾಡ್ಸಿದ್ದು" ಅಂದಿದ್ದ. ಅವನು ನನ್ನ ಬಗ್ಗೆ ಜನರ ಮುಂದೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಅದು ಒಂದು ಕಾರಣ. ಎರಡು ನೀರಿನ ಲೆಕ್ಕ ಬರೆದು ಪದವಿ ಪಡೆದವನು ತನ್ನ ಹಿತ್ತಲಿನಲ್ಲಿ ಅದನ್ನೇ ಗುರುತಿಸಲಿಲ್ಲ, ಅದು ಇನ್ನೊಂದು. ನಾಳೆ ಹೇಳಿದರಾಯಿತು ಅಂದುಕೊಂಡೆ. ಸುಮ್ಮನಿರುವುದು ನನಗೆ ಎಂದೂ ಕಷ್ಟವಾದದ್ದಲ್ಲ. ಹತ್ತು ದಿನ ಹೋದವು.

ಹತ್ತನೆಯ ದಿನ ಬಾಳಮ್ಮ ನಮ್ಮ ಕಟ್ಟೆಗೆ ಬಂದು ಕೂತಳು. ಅವಳು ಕೆಟ್ಟವಳಲ್ಲ. ಮೊಣಕಾಲು ನೋವಿನಲ್ಲಿ ದಿನಾ ಘಟಕದವರೆಗೆ ಕೊಡ ಹೊತ್ತು ಅವಳಿಗೆ ಸಾಕಾಗಿತ್ತು.

"ಮಲಕಪ್ಪ, ನಾ ಹೇಳೂದು ಕೇಳು. ಬಾವಿ ಸೀ ಆಗೂತನ ಹುಡುಗಿ ತವರಮನ್ಯಾಗ ಇರ್ಲಿ. ಬೀರಪ್ಪಗ ಹರಕಿ ಹೊರ್ರಿ. ನೀರ ತಿಳಿ ಆದಮ್ಯಾಲ ಕರ್ಕೊಂಡ ಬಂದ್ರಾತು."

ಅಪ್ಪ ಫೋನು ತೆಗೆದು ಬನಶಂಕರಿಗೆ ಮಾಡಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಮರುದಿನವೇ ಅವಳ ತಮ್ಮ ಬೀರಲಿಂಗ ತನ್ನ ಟಂಟಂ ಆಟೋ ಹೊಡೆದುಕೊಂಡು ಬಂದ. ಬಾಡಿಗೆಗೆ ಟಂಟಂ ಓಡಿಸುವ ಅವನು ಬಾಯಿ ಮುಚ್ಚದ ಹುಡುಗ. ಸುರೇಖಾ ಚಹಾ ಕೊಟ್ಟಳು. ಒಂದು ಗುಟುಕು ಕುಡಿದು ಅವನು ಕಪ್ಪನ್ನು ಎತ್ತಿ ನೋಡಿದ.

"ಮಾಮಾ, ನಿಮ್ಮೂರಾಗ ಚಾಕ್ಕ ಉಪ್ಪ ಹಾಕೂ ಪದ್ಧತಿ ಐತೇನ್ರಿ?"

"ಸುಮ್ಮ ಕುಡಿಯೋ," ಎಂದು ಸುರೇಖಾ ಗದರಿಸಿದಳು. ಅವಳ ಚೀಲ ಬಾಗಿಲ ಬಳಿ ಕಟ್ಟಿಯಾಗಿತ್ತು. ತುಂಬ ಸಣ್ಣ ಚೀಲ. ಅಜ್ಜಿ ಅವಳ ಕೈಹಿಡಿದು ಕೂತಿದ್ದಳು, ಬಿಡುತ್ತಿರಲಿಲ್ಲ. ಬಾಳಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು, ಇನ್ನೂ ಮೂರ್ನಾಲ್ಕು ಹೆಂಗಸರು ಅಲ್ಲಿ ಇಲ್ಲಿ. ಸುರೇಖಾ ಅಪ್ಪನ ಕಾಲಿಗೆ ಬಿದ್ದಳು. ಆಮೇಲೆ ನನ್ನ ಕಡೆಗೆ ಬಾಗಿದಳು.

"ತಡಿ," ಅಂದೆ.

ಒಳಗೆ ಹೋಗಿ ಉಪ್ಪಿನಕಾಯಿಯ ಗಾಜಿನ ಬರಣಿ ಖಾಲಿ ಮಾಡಿ ತೊಳೆದೆ. ಬಕೆಟ್ಟಿನಲ್ಲಿ ಬಾವಿಯ ನೀರಿಗೆ ಎರಡು ಹಿಡಿ ಉಪ್ಪು ಕಲಸಿದೆ, ಅಪ್ಪನ ಧೋತರಕ್ಕೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟೆ. ಅದನ್ನು ಬರಣಿಯ ಅರ್ಧಕ್ಕೆ ಸುರಿದು ಕಟ್ಟೆಯ ಮೇಲೆ ತಂದಿಟ್ಟೆ. ಘಟಕದ ನೀರಿನ ಕೊಡ ತಂದೆ. ಸೌಟನ್ನು ನೀಲಿ ನೀರಿಗೆ ತಾಗಿಸಿ ಹಿಡಿದು, ಅದರ ಮೇಲೆ ಸಿಹಿ ನೀರನ್ನು ಹನಿ ಹನಿಯಾಗಿ ಬಿಟ್ಟೆ.

"ಏನ ನಡಸೀಯೋ ಸಮುದ್ರ? ಜಾದೂ?" ಎಂದು ಬಾಳಮ್ಮ ಹತ್ತಿರ ಬಂದಳು.

ಬರಣಿ ತುಂಬಿತು. ಕೆಳಗೆ ನೀಲಿ, ಮೇಲೆ ತಿಳಿ. ನಡುವೆ ಗೆರೆ ಕೊರೆದಂತಿತ್ತು.

"ಇದು ನಮ್ಮ ಬಾವಿ," ಅಂದೆ. "ಮೊದಲಿಂದಲೂ ಹಿಂಗs ಇತ್ತು. ಕೆಳಗ ಸವಳು, ಮ್ಯಾಲ ಸೀ ನೀರು. ಅಜ್ಜಿಗೆ ಗೊತ್ತಿತ್ತು. ಅದಕ್ಕs ಕೊಡ ಮುಳಗಸಬ್ಯಾಡ ಅಂತಿದ್ಲು. ಮದಿವಿಗೆ ನಾ ಏನ ಮಾಡಿದೆ ನೋಡ್ರಿ."

ಬರಣಿಯನ್ನು ಎತ್ತಿ ಅಂಗಳಕ್ಕೆ ಸುರಿದೆ. ಆಮೇಲೆ ಬಕೆಟ್ಟಿನ ನೀಲಿ ನೀರನ್ನು ಅದರ ಕಂಠದವರೆಗೆ ತುಂಬಿಸಿದೆ.

"ಖಾಲಿ ಆದ ಬಾವಿಗೆ ಬಂದದ್ದು ಇದೊಂದs ನೀರು. ಸುರೇಖಾ ಈ ಮನಿಗೆ ಕಾಲ ಇಡೂದಕ್ಕ ಎರಡು ದಿನ ಮೊದಲs ಬಾವಿ ಸವಳ ಆಗಿತ್ತು. ಮಾಡಿದಾವ ನಾನು."

ಬಾಳಮ್ಮ ಬರಣಿಯನ್ನು ನೋಡಿದಳು, ಬಾವಿಯನ್ನು ನೋಡಿದಳು. ಮಾತು ಅವಳಿಗೇ ಮೊದಲು ಬಂತು.

"ಎಂಥಾ ಶ್ಯಾಣ್ಯಾನೋ ನೀ! ಅಷ್ಟೆಲ್ಲ ಓದಿ ಓಣಿಗೆಲ್ಲ ಉಪ್ಪ ಕುಡಿಸಿದಿ." ಆಮೇಲೆ ಸುರೇಖಾಳ ಕಡೆ ತಿರುಗಿ, ದನಿ ಇಳಿಸಿ, "ತಪ್ಪಾತವ್ವ. ನನ್ನ ನಾಲಗಿ ಸುಡ್ಲಿ" ಅಂದಳು.

"ಮೋಟಾರ ತಂದಾವ ನಾನು," ಅಂದ ಅಪ್ಪ. "ಅವ್ವ ಬ್ಯಾಡ ಅಂದ್ಲು. ನಾ ಕೇಳಲಿಲ್ಲ." ಅವನು ಹೇಳಿದ್ದು ಅಷ್ಟೇ. ಆದರೆ ನನ್ನ ಪಕ್ಕಕ್ಕೆ ಬಂದು ನಿಂತ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

ಸುರೇಖಾ ಮಾತ್ರ ಬರಣಿಯ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ಯಾವಾಗ ಗೊತ್ತಾತ್ರಿ ನಿಮಗ?"

"ಪುಸ್ತಕ ನೋಡಿದ ದಿನ. ನೀ ಕೇಳಿದೆಲ್ಲ, ಯಾರೂ ಕದಡಂಗಿಲ್ಲ ಅಂದ್ರ, ಅಂತ. ಆವಾಗ."

ಅವಳು ಮನಸ್ಸಿನಲ್ಲೇ ಎಣಿಸಿದಳು.

"ಹನ್ನೊಂದು ದಿನ," ಅಂದಳು. "ಹನ್ನೊಂದು ದಿನ ನಾ ಆ ಘಟಕದ ಸಾಲಿನಾಗ ನಿಂತೇನಿ. ಹಿಂದ ನಿಂತಾವ್ರು ಆಡಿಕೊಳ್ಳೂದು ಕೇಳೇನಿ. ಆ ಬಟ್ಟಲಾ ನನ್ನ ಕೈಯಿಂದ ತೊಳಿಸಿದ್ರಿ."

ಅವಳು ಅಳಲಿಲ್ಲ. ಒಡೆದ ತುಟಿ ಮಾತ್ರ ಅದುರಿತು. ಅಜ್ಜಿಯ ಕೈ ಬಿಡಿಸಿಕೊಂಡು, ಚೀಲ ಎತ್ತಿಕೊಂಡು ಟಂಟಂ ಹತ್ತಿದಳು.

"ಈಗ ಯಾಕ ಹೋಗ್ತೀಯವ್ವ?" ಎಂದು ಅಜ್ಜಿ ಕೂಗಿದಳು. "ಬಾವಿದು ಬಗೀಹರೀತಲ್ಲ!"

"ಬಾವಿ ಸಲುವಾಗಿ ಹೋಗಂಗಿಲ್ಲ ಅಜ್ಜಿ. ಸಿಟ್ಟ ಬಂದೈತಿ, ಅದಕ್ಕ ಹೊಂಟೇನಿ. ಇಳದಮ್ಯಾಲ ಬರ್ತೇನಿ."

ಬೀರಲಿಂಗ ನನ್ನ ಕಡೆ ತಿರುಗಿ ಕಣ್ಣಲ್ಲೇ ಕ್ಷಮೆ ಕೇಳಿ ಗಾಡಿ ಬಿಟ್ಟ.

ಆ ರಾತ್ರಿ ಅಜ್ಜಿ ಉಣ್ಣಲಿಲ್ಲ. ಎರಡನೆಯ ದಿನ ನಾನು ಫೋನು ಮಾಡಿದೆ. ಸುರೇಖಾ ಎತ್ತಿದಳು, ಆದರೆ ಏನೂ ಅನ್ನಲಿಲ್ಲ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಅವಳು ಸುಮ್ಮನಿದ್ದಾಳೆಂದರೆ ಮಾತು ನನ್ನದು ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಏನು ಹೇಳಬೇಕೋ ತಿಳಿಯದೆ ಆ ದಿನದ್ದನ್ನೇ ಹೇಳಿದೆ. ಕುರಿಯೊಂದು ಕುಂಟುತ್ತಿದೆ. ಬಾಳಮ್ಮ ಅಜ್ಜಿಗೆ ತನ್ನ ಪಾಲಿನ ನೀರು ತಂದುಕೊಟ್ಟಳು. ಅಪ್ಪ ಮಾಡಿದ ರೊಟ್ಟಿ ಅಂಬಲಿಯಂತಾಯಿತು. ನಾನು ಹೆದರಿದ್ದೆ, ನಿನಗಲ್ಲ, ಜನ ನಗುತ್ತಾರೆಂದು. ಅದಕ್ಕೆ ಸುಮ್ಮನಿದ್ದೆ. ಬಾವಿ ಮತ್ತೆ ಸಿಹಿಯಾಗಲು ಎರಡು ಮೂರು ಮಳೆಗಾಲ ಬೇಕು, ಆಗದೆಯೂ ಇರಬಹುದು, ನನಗೆ ಖಾತ್ರಿಯಿಲ್ಲ.

"ಹ್ಞೂಂ," ಅಂದಳು. ಫೋನು ಇಟ್ಟಳು.

ಮರುದಿನವೂ ಮಾಡಿದೆ. ಅದರ ಮರುದಿನವೂ. ಐದನೆಯ ದಿನ ಅವಳು, "ಕುರಿ ಕಾಲ ನೆಟ್ಟಗಾತೇನ್ರಿ?" ಎಂದು ಕೇಳಿದಳು.

ಎಂಟನೆಯ ದಿನ ಶಾಲೆಯಿಂದ ಬರುವಾಗ ಬೀರಲಿಂಗನ ಟಂಟಂ ಮನೆಯ ಮುಂದೆ ನಿಂತಿತ್ತು. ಸುರೇಖಾ ಹಿಂದಿನಿಂದ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಇಳಿಸುತ್ತಿದ್ದಳು. ತವರಿನ ಬಾವಿಯ ನೀರು. ಅಜ್ಜಿ ಆಗಲೇ ತಂಬಿಗೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಓಡಿಹೋಗಿ ಒಂದು ಕ್ಯಾನಿಗೆ ಕೈ ಹಾಕಿದೆ.

"ಹೊರೂದಾದ್ರ ಹೊರ್ರಿ," ಅಂದಳು. "ಆದ್ರ ಇದು ಅಜ್ಜಿಗೆ, ಮಾವಾರಿಗೆ. ನಿಮಗಲ್ಲ. ಹನ್ನೊಂದು ದಿನ ನೀವು ಬಾವೀದು ಕುಡೀಬೇಕು."

"ಕುಡೀತೇನಿ."

"ನಾ ನೋಡ್ತೇನಿ ಕುಂತು."

ಅಷ್ಟು ಹೇಳಿ ನಕ್ಕಳು. ಕ್ಯಾನಿನ ಇನ್ನೊಂದು ಹಿಡಿಯನ್ನು ತಾನು ಹಿಡಿದಳು.